ಗೋಡೆ ಮುಚ್ಚೋಕ್ಕೆ ಮುಂಚೆ ಒಂದ್ಸಲ ನೋಡ್ತೀನಿ ಅಂದ್ರೆ ಯಾಕಿಷ್ಟು ಕೋಪ?

ಹಳೇ ಮನೆ ರಿಪೇರಿ ಮಾಡಿಸ್ತಾ ಇದೀವಿ ಅಂದ್ರೆ ಸಾಕು, ಕೇಳಿದೋರೆಲ್ಲ ಒಂದೇ ಡೈಲಾಗ್ ಹೊಡೀತಾರೆ, "ಕೆಡವಿ ಹೊಸದೇ ಕಟ್ಟಬೋದಿತ್ತಲ್ಲ, ಇದಕ್ಕಿಂತ ಸಲೀಸಾಗಿರ್ತಿತ್ತು" ಅಂತ. ಇರ್ತಿತ್ತೇನೋ. ಆದ್ರೆ ಒಂದೂವರೆ ಅಡಿ ದಪ್ಪದ ಗೋಡೆ, ಮಧ್ಯಾಹ್ನದ ಬಿಸಿಲಲ್ಲೂ ತಣ್ಣಗಿರೋ ನಡುಮನೆ, ಈಗ ಹುಡುಕಿದ್ರೂ ಸಿಗದಂಥಾ ಮರದ ತೊಲೆಗಳು, ಇದನ್ನೆಲ್ಲ ಜೆಸಿಬಿ ಬಾಯಿಗೆ ಕೊಡೋಕ್ಕೆ ಮನಸ್ಸು ಬರ್ಲಿಲ್ಲ. ಅದು ನಮ್ಮ ಹಟ, ಅದರ ಬಗ್ಗೆ ನಂಗೆ ಬೇಜಾರೇನಿಲ್ಲ. ಬೇಜಾರಿರೋದೆಲ್ಲ ಕೆಲಸ ಹಿಡಿದೋರ ಮೇಲೆ. ಈಗ ಮನೆಗೆ ವಾಪಸ್ ಬಂದು ಸ್ವಲ್ಪ ತಿಂಗಳಾಗಿದೆ, ತಲೆ ತಣ್ಣಗಾಗಿದೆ, ಬೈಗುಳ ಇಲ್ದೆ ಬರೀಬೋದು ಅನ್ಕೊಂಡಿದೀನಿ, ನೋಡೋಣ.

ಕಾಂಟ್ರಾಕ್ಟರ್ ಮೊದಲ ಸಲ ಬಂದಾಗ ಗೋಡೆಗೆ ಬೆರಳಿನ ಗೆಣ್ಣಲ್ಲಿ ಎರಡೇಟು ಕುಟ್ಟಿ, ಮೇಲೊಂದ್ಸಲ ಕೆಳಗೊಂದ್ಸಲ ನೋಡಿ, "ಏನಿಲ್ಲ ಮೇಡಂ, ಮೂರು ತಿಂಗಳಲ್ಲಿ ಕೈಗೆ ಕೀ ಕೊಡ್ತೀನಿ" ಅಂದ್ರು. ಆಮೇಲೆ "ಸಾರ್ ಯಾವಾಗ ಸಿಗ್ತಾರೆ?" ಅಂದ್ರು. ಸಾರ್ ಬೆಳಗ್ಗೆ ಹೋದ್ರೆ ರಾತ್ರಿ ಬರೋದು, ಮನೆ ಕೆಲಸ ನೋಡ್ಕೊಳ್ಳೋಳು ನಾನೇ, ದುಡ್ಡು ಕೊಡೋಳೂ ನಾನೇ ಅಂತ ಹೇಳಿದೆ. "ಆಯ್ತು ಮೇಡಂ" ಅಂದ್ರು, ಆದ್ರೆ ಅವತ್ತಿಂದ ಇವತ್ತಿನವರೆಗೂ ಏನಾದ್ರೂ ಕಷ್ಟದ ಪ್ರಶ್ನೆ ಕೇಳಿದ್ರೆ ಬರೋ ಉತ್ತರ ಒಂದೇ, "ಅದು ಸಾರ್ ಹತ್ರ ಮಾತಾಡ್ತೀನಿ ಬಿಡಿ."

ಈ ಮೂರು ತಿಂಗಳ ಲೆಕ್ಕ ಎಲ್ಲಿಂದ ಬರತ್ತೆ ಅಂತ ನಾನು ತುಂಬ ಯೋಚನೆ ಮಾಡಿದೀನಿ. ಹಳೇ ಮನೆ ಗೋಡೆ ಒಳಗೆ ಏನಿದೆ ಅಂತ ಒಡೆಯೋವರೆಗೂ ಯಾರಿಗೂ ಗೊತ್ತಿರಲ್ಲ, ಹಾಗಿರುವಾಗ ಆ ಎಸ್ಟಿಮೇಟ್ ಅನ್ನೋದೇ ಒಂದು ಕಥೆ. ಎಲ್ಲಾ ಸರಿಯಾಗಿ ನಡೆದ್ರೆ, ಮಳೆ ಬರ್ದಿದ್ರೆ, ಪೈಪು ಚೆನ್ನಾಗಿದ್ರೆ, ಪ್ಲಂಬರ್ ಬಂದ್ರೆ, ಆಗ ಮೂರು ತಿಂಗಳು. ಡೇನಿಯಲ್ ಕಾನೆಮನ್ ಮತ್ತೆ ಏಮೋಸ್ ಟ್ವೆರ್ಸ್ಕಿ ಅನ್ನೋ ಮನಶ್ಶಾಸ್ತ್ರಜ್ಞರು 1979ರಲ್ಲೇ ಇದಕ್ಕೆ ಪ್ಲಾನಿಂಗ್ ಫ್ಯಾಲಸಿ ಅಂತ ಹೆಸರಿಟ್ಟಿದಾರೆ, ಜನ ಹಿಂದೆ ಅಂಥದೇ ಕೆಲಸಗಳು ಎಷ್ಟು ಎಳೆದಿವೆ ಅಂತ ಗೊತ್ತಿದ್ರೂ ಈ ಸಲದ್ದು ಮಾತ್ರ ಸುಸೂತ್ರ ಆಗತ್ತೆ ಅಂತಲೇ ಲೆಕ್ಕ ಹಾಕ್ತಾರೆ ಅಂತ. ಕಾನೆಮನ್ ಆಮೇಲೆ ಕೊಡೋ ಒಂದು ಉದಾಹರಣೆ ಅಂತೂ ಅಡುಗೆಮನೆ ರಿಪೇರೀದೇ: 2002ರಲ್ಲಿ ಅಮೆರಿಕದಲ್ಲಿ ಅಡುಗೆಮನೆ ರಿಪೇರಿ ಮಾಡಿಸಿದೋರನ್ನ ಕೇಳಿದ್ರೆ, ಸರಾಸರಿ ಅವ್ರು ಅಂದ್ಕೊಂಡಿದ್ದರ ಎರಡರಷ್ಟಕ್ಕಿಂತ ಜಾಸ್ತಿ ಖರ್ಚಾಗಿತ್ತು. ಅಂದ್ರೆ ಇದು ನಮ್ಮ ಹಣೆಬರಹ ಒಂದೇ ಅಲ್ಲ. ಸಮಾಧಾನ ಏನೂ ಆಗ್ಲಿಲ್ಲ ಬಿಡಿ.

ಬಾತ್‌ರೂಮ್ ಟೈಲ್ಸ್ ಕಿತ್ತ ದಿನ ಮೊದಲನೇ "ಎಕ್ಸ್‌ಟ್ರಾ" ಬಂತು. ಒಳಗಿದ್ದ ಜಿಐ ಪೈಪ್ ತುಂಡು ಕತ್ತರಿಸಿ ತೋರಿಸಿದ್ರು, ನೀರು ಹೋಗೋ ಜಾಗ ಪೆನ್ಸಿಲ್ ತೂರೋಷ್ಟು ಮಾತ್ರ ಉಳಿದಿತ್ತು, ಮಿಕ್ಕಿದ್ದೆಲ್ಲ ತುಕ್ಕು. ಜಿಐ ಅಂದ್ರೆ ಕಬ್ಬಿಣದ ಮೇಲೆ ಸತುವಿನ ಲೇಪ, ಆ ಲೇಪ ಸವೆದ ಮೇಲೆ ತುಕ್ಕು ಒಳಗಡೆಯಿಂದ ಬೆಳೀತಾ ಬರತ್ತೆ, ಹೊರಗಡೆಯಿಂದ ನೋಡಿದ್ರೆ ಪೈಪ್ ಗಟ್ಟಿಮುಟ್ಟಾಗೇ ಕಾಣತ್ತೆ. ಇದು ನಿಜವಾದ ಎಕ್ಸ್‌ಟ್ರಾ, ಒಪ್ಕೊಂಡೆ, ದುಡ್ಡು ಕೊಟ್ಟೆ. ವೈರಿಂಗೂ ಅಷ್ಟೇ, ಬಟ್ಟೆ ಸುತ್ತಿದ ರಬ್ಬರ್ ಇನ್ಸುಲೇಶನ್, ಮುಟ್ಟಿದ್ರೆ ಪುಡಿ ಪುಡಿ ಉದುರ್ತಿತ್ತು, ಅರ್ಧಕ್ಕರ್ಧ ಪಾಯಿಂಟಿಗೆ ಅರ್ತಿಂಗೇ ಇಲ್ಲ. ಅದನ್ನೂ ಬದಲಾಯಿಸ್ಲೇಬೇಕಿತ್ತು. ನಂಗೆ ಸಿಟ್ಟು ಬಂದಿದ್ದು ಎಕ್ಸ್‌ಟ್ರಾ ಬಂತು ಅಂತಲ್ಲ, ನಿಜವಾದ ಎಕ್ಸ್‌ಟ್ರಾ ಯಾವುದು, ಮೊದಲೇ ಲೆಕ್ಕದಲ್ಲಿದ್ದು ಮತ್ತೆ ಕೇಳ್ತಿರೋದು ಯಾವುದು ಅಂತ ಬೇರ್ಪಡಿಸೋಕ್ಕೆ ಅವ್ರು ಅವಕಾಶನೇ ಕೊಡಲ್ಲ ಅಂತ. ಹಳೇ ಗಾರೆ ಕೆತ್ತೋದು ಎಸ್ಟಿಮೇಟಲ್ಲಿತ್ತು, ಕೆತ್ತಿದ ಗಾರೆ ಹೊರಗೆ ಹಾಕೋದು ಎಕ್ಸ್‌ಟ್ರಾ ಅಂತೆ. ಕೆತ್ತಿ ಅಲ್ಲೇ ಬಿಟ್ಟು ಅದರ ಮೇಲೆ ನಾವು ಮಲಗ್ಬೇಕಿತ್ತೇನೋ.

ಇನ್ನು ಬರದೇ ಇರೋ ಕಥೆ. ಮನೆ ಕೆಲಸ ಮಾಡಿಸಿದ ಯಾರನ್ನೇ ಕೇಳಿ, ಮೊದಲು ಹೇಳೋದು ಇದನ್ನೇ. ಫೋನ್ ಎತ್ತಲ್ಲ, ಎತ್ತಿದ್ರೆ "ಹೊರಟೆ ಮೇಡಂ, ದಾರೀಲಿದೀನಿ", ಸಾಯಂಕಾಲ ಫೋನ್ ಸ್ವಿಚ್ ಆಫ್. ಶುರೂನಲ್ಲಿ ಇದು ಸೋಮಾರಿತನ ಅನ್ಕೊಂಡಿದ್ದೆ, ಅಲ್ಲ, ಆ ಮನುಷ್ಯ ಬೆಳಗಿನಿಂದ ರಾತ್ರಿವರೆಗೂ ಓಡಾಡ್ತಾನೇ ಇರ್ತಿದ್ರು. ಒಂದೇ ಸಲ ನಾಕೈದು ಮನೆ ಹಿಡಿದಿರ್ತಾರೆ, ಇರೋ ಲೇಬರ್ ಒಂದೇ ಗ್ಯಾಂಗು, ಹೊಸ ಮನೆಯೋರು ಕೊಟ್ಟ ಅಡ್ವಾನ್ಸಲ್ಲಿ ಹಳೇ ಮನೆ ಬಾಕಿ ತೀರಿಸ್ತಾರೆ, ಅದನ್ನ ತೀರಿಸೋಕ್ಕೆ ಇನ್ನೊಂದು ಹೊಸ ಮನೆ ಬೇಕು. ಹಾಗಾಗಿ ಗ್ಯಾಂಗ್ ಇವತ್ತು ಯಾರ ಮನೆಗೆ ಹೋಗತ್ತೆ ಅನ್ನೋದು ಒಂದೇ ವಿಷಯದ ಮೇಲೆ ನಿಂತಿದೆ: ಇವತ್ತು ಎಲ್ಲಿ ಕೆಲಸ ಮಾಡಿದ್ರೆ ದುಡ್ಡು ಹುಟ್ಟತ್ತೆ. ಮಾಡಿದ ಕೆಲಸಕ್ಕಿಂತ ಜಾಸ್ತಿ ದುಡ್ಡು ಮೊದಲೇ ಕೊಟ್ಟಿರೋ ಮನೆಗೆ ಯಾಕೆ ಹೋಗ್ತಾರೆ ಹೇಳಿ, ಅಲ್ಲಿ ಹೋಗಿ ಮಾಡೋದೆಲ್ಲ ಬಿಟ್ಟಿ ಚಾಕರಿ. ಒಳ್ಳೆಯೋರು, ಕೆಟ್ಟೋರು ಅನ್ನೋ ಪ್ರಶ್ನೆನೇ ಅಲ್ಲ ಇದು, ಲೆಕ್ಕ ಹಾಗಿದೆ.

ಅದರಲ್ಲಿ ಒಂದು ಟ್ರಿಕ್ ಅಂತೂ ಅರ್ಥ ಆಗೋಕ್ಕೆ ನಂಗೆ ಬಹಳ ಟೈಮ್ ಹಿಡೀತು. ಯಾರೂ ಬರ್ದೇ ಇರೋ ವಾರದಲ್ಲೂ ನಮ್ಮನೇಲಿ ಎರಡು ಬಾಂಡ್ಲಿ, ಒಂದು ಸಾರ್ವೆ ಏಣಿ, ಅರ್ಧ ಚೀಲ ಸಿಮೆಂಟ್ ಬಿದ್ದಿರ್ತಿತ್ತು. ತಗೊಂಡ್ ಹೋಗಿ ಅಂದ್ರೆ "ನಾಳೆ ಬರ್ತೀವಲ್ಲ ಮೇಡಂ, ಬೇಕಾಗತ್ತೆ" ಅನ್ನೋರು. ಆ ಸಾಮಾನು ನಮ್ಮನೇಲಿರೋದು ಕೆಲಸಕ್ಕಲ್ಲ, ಬಸ್ ಸೀಟ್ ಮೇಲೆ ಟವೆಲ್ ಹಾಕ್ತಾರಲ್ಲ ಹಾಗೆ, ಈ ಮನೆ ನಮ್ದು, ಬೇರೆ ಯಾರನ್ನೂ ಕರೀಬೇಡಿ ಅಂತ. ಮತ್ತೆ ಮಧ್ಯೆ ಮಧ್ಯೆ ಒಬ್ಬ ಹುಡುಗನ್ನ ಕಳಿಸೋರು, ಅವ್ನು ಬಂದು ಮೂಲೇಲಿ ಸ್ವಲ್ಪ ಕೆತ್ತಿ, ಫೋಟೋ ತೆಗೆದು ಕಳಿಸಿ, ಹೊರಟೋಗೋನು. ಕೇಳಿದ್ರೆ "ಇವತ್ತು ಕೆಲಸ ನಡೆದಿದೆ ಮೇಡಂ, ಫೋಟೋ ನೋಡಿಲ್ವಾ?"

ಒಬ್ರು ಬರ್ದಿದ್ರೆ ನಾಕು ಜನದ ಕೆಲಸ ನಿಲ್ಲತ್ತೆ, ಅದು ಇನ್ನೊಂದು ಗೋಳು. ಎಲೆಕ್ಟ್ರಿಷಿಯನ್ ಪೈಪ್ ಹಾಕದೇ ಗಾರೆಯೋರು ಗೋಡೆ ಮುಚ್ಚೋ ಹಾಗಿಲ್ಲ, ಗಾರೆ ಆಗದೇ ಟೈಲ್ಸ್ ಇಲ್ಲ, ಟೈಲ್ಸ್ ಆಗದೇ ಪ್ಲಂಬರ್ ನಲ್ಲಿ ಕೂರಿಸಲ್ಲ. ಮುಚ್ಚೋ ಹಾಗಿಲ್ಲ ಅಂದ್ನಲ್ಲ, ಮುಚ್ಚಿಬಿಟ್ರು. ಎಲೆಕ್ಟ್ರಿಷಿಯನ್ ಬರೋದು ಲೇಟ್ ಆಯ್ತು, ಗಾರೆಯೋರು ಸುಮ್ನೆ ಕೂರೋಕ್ಕಾಗಲ್ಲ ಅಂತ ಒಂದು ರೂಮ್ ಪೂರ್ತಿ ಗಾರೆ ಮುಗಿಸಿದ್ರು, ಆಮೇಲೆ ಎಲೆಕ್ಟ್ರಿಷಿಯನ್ ಬಂದು ಅದೇ ಹೊಸ ಗೋಡೆನ ಮಷಿನ್ ಹಿಡಿದು ಕಟ್ ಮಾಡಿದ. ಕಟ್ ಮಾಡಿದ್ದಕ್ಕೂ ಬಿಲ್, ಮತ್ತೆ ಮುಚ್ಚಿದ್ದಕ್ಕೂ ಬಿಲ್.

ಅಲ್ಲಿಂದಲೇ ನಂಗೆ ಒಂದು ಚಟ ಅಂಟ್ಕೊಂಡಿದ್ದು. ಏನೇ ಮುಚ್ಚೋಕ್ಕೆ ಮುಂಚೆ ನಾನು ನೋಡ್ಬೇಕು, ಟೇಪ್ ಹಿಡಿದು ಫೋಟೋ ತೆಗೀಬೇಕು, ಪೈಪ್ ನೆಲದಿಂದ ಎಷ್ಟು ಎತ್ತರ, ಮೂಲೆಯಿಂದ ಎಷ್ಟು ದೂರ ಅಂತ ಫೋಟೋದಲ್ಲೇ ಕಾಣ್ಬೇಕು. ಇಷ್ಟಕ್ಕೆ ಅವ್ರಿಗೆ ಬಂದ ಕೋಪ ಇದೆಯಲ್ಲ, ದುಡ್ಡು ಕಮ್ಮಿ ಮಾಡಿ ಅಂದಾಗಲೂ ಬಂದಿರ್ಲಿಲ್ಲ. "ನಂಬಿಕೆ ಇಲ್ವಾ ಮೇಡಂ?" ಅಂದ್ರು. ನಂಬಿಕೆ ಪ್ರಶ್ನೆ ಅಲ್ಲ ಅಂತ ನಯವಾಗಿ ಹೇಳಿದೆ, ನಿಜ ಹೇಳ್ಬೇಕಂದ್ರೆ ನಂಬಿಕೆದೇ ಪ್ರಶ್ನೆ. ಮಾಡಿಸ್ಕೊಂಡ ಮೇಲೂ ಚೆನ್ನಾಗಿದೆಯೋ ಇಲ್ವೋ ಅಂತ ಮಾಡಿಸ್ಕೊಂಡೋರಿಗೆ ಗೊತ್ತಾಗದಂಥಾ ಕೆಲಸಗಳಿಗೆ ಅರ್ಥಶಾಸ್ತ್ರದಲ್ಲಿ ಕ್ರೆಡೆನ್ಸ್ ಗೂಡ್ಸ್ ಅಂತಾರೆ, 1973ರಲ್ಲಿ ಮೈಕಲ್ ಡಾರ್ಬಿ, ಎಡಿ ಕಾರ್ನಿ ಅನ್ನೋರು ಕೊಟ್ಟ ಹೆಸರು. ಗಾಡಿ ರಿಪೇರಿ, ಆಪರೇಶನ್ನು, ಎಲ್ಲ ಇದೇ ಜಾತಿ. ಬಣ್ಣ ಕೆಟ್ಟದಾಗಿ ಹೊಡೆದ್ರೆ ಯಾರಿಗಾದ್ರೂ ಕಾಣತ್ತೆ, ಆದ್ರೆ ಟೈಲ್ಸ್ ಕೆಳಗೆ ವಾಟರ್‌ಪ್ರೂಫಿಂಗ್ ಎರಡು ಕೋಟ್ ಹಾಕಿದ್ರಾ ಒಂದಾ, ಪೈಪ್ ಜಾಯಿಂಟಿಗೆ ಅಂಟಿಸೋ ಸೊಲ್ಯೂಶನ್ ಸರಿಯಾಗಿ ಹಚ್ಚಿದ್ರಾ, ಇದು ಗೊತ್ತಾಗೋದು ಇನ್ನೈದು ವರ್ಷ ಆದ್ಮೇಲೆ ಕೆಳಗಿನ ಗೋಡೆ ಒಸರೋಕ್ಕೆ ಶುರುವಾದಾಗ. ಅಷ್ಟೊತ್ತಿಗೆ ಕಾಂಟ್ರಾಕ್ಟರ್ ನಂಬರ್ ಬದಲಾಗಿರತ್ತೆ. ಬರದೇ ಇರೋರ ಬಗ್ಗೆ ಎಲ್ಲರೂ ಬೈತೀವಿ, ನನ್ನ ಕೇಳಿದ್ರೆ ಬರದೇ ಇರೋದು ಚಿಕ್ಕ ತಾಪತ್ರಯ, ಬಂದು ಬೇಗ ಬೇಗ ಮುಚ್ಚಿ ಹೋಗೋದೇ ದೊಡ್ಡದು.

ಬಾತ್‌ರೂಮಲ್ಲಿ ಹಾಗೇ ಆಗೋದ್ರಲ್ಲಿತ್ತು. ವಾಟರ್‌ಪ್ರೂಫಿಂಗ್ ಒಣಗಿದ ಮೇಲೆ ಡ್ರೈನ್ ಬಾಯಿ ಕಟ್ಟಿ, ನೀರು ನಿಲ್ಲಿಸಿ, ಕಮ್ಮಿ ಅಂದ್ರೂ 24 ಗಂಟೆ ಬಿಟ್ಟು ನೋಡ್ಬೇಕು, 48 ಆದ್ರೆ ಇನ್ನೂ ಒಳ್ಳೇದು. ನಾನು ಮಾರನೇ ದಿನ ಬೆಳಗ್ಗೆ ಹೋಗೋಷ್ಟೊತ್ತಿಗೆ ಟೈಲ್ಸ್‌ನೋರು ಎರಡು ಸಾಲು ಕೂರಿಸಿಬಿಟ್ಟಿದ್ರು. "ಟೆಸ್ಟ್ ರಾತ್ರಿನೇ ಮಾಡಿದ್ವಿ ಮೇಡಂ" ಅಂತ ಕಾಂಟ್ರಾಕ್ಟರ್. ರಾತ್ರಿ ಅಲ್ಲಿ ಲೈಟೂ ಇರ್ಲಿಲ್ಲ, ನೀರಿನ ಕನೆಕ್ಷನ್ನೂ ಇರ್ಲಿಲ್ಲ. ತೆಗೆಸಿದೆ. ದೊಡ್ಡ ಗಲಾಟೆನೇ ಆಯ್ತು, ಟೈಲ್ಸ್‌ನೋನು ನನ್ನ ಮೇಲೆ ಮುನಿಸ್ಕೊಂಡು ಊರಿಗೆ ಹೋದ, ಅವ್ನ ತಪ್ಪೇನೂ ಇರ್ಲಿಲ್ಲ ಪಾಪ, ಹೇಳಿದ್ದು ಮಾಡಿದ್ದ. ಟೆಸ್ಟ್ ಮಾಡಿದ್ರೆ ಪೈಪ್ ನೆಲಕ್ಕೆ ಸೇರೋ ಜಾಗದಲ್ಲಿ ನೀರು ಇಳೀತಿತ್ತು. ಸ್ಲೋಪ್ ಕಥೆನೂ ಹೀಗೇ, ಮೀಟರಿಗೆ ಒಂದು ಸೆಂಟಿಮೀಟರ್ ಆದ್ರೂ ಇಳಿಜಾರು ಇರ್ಬೇಕು, ನಮ್ಮಲ್ಲಿ ಇಳಿಜಾರೇನೋ ಇತ್ತು, ಬಾಗಿಲ ಕಡೆಗೆ.

ಈಗ ಗೋಡೆ ವಿಷಯ, ನಾನು ಈ ಪೋಸ್ಟ್ ಬರೆಯೋಕ್ಕೆ ಕೂತಿದ್ದೇ ಅದಕ್ಕೆ ಅನ್ನಬೋದು. ನಮ್ಮನೆ ಸುಣ್ಣದ ಗಾರೇಲಿ ಕಟ್ಟಿದ ಮನೆ. ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಜೋಸೆಫ್ ಆಸ್ಪ್‌ಡಿನ್ ಪೇಟೆಂಟ್ ತಗೊಂಡಿದ್ದೇ 1824ರಲ್ಲಿ, ಅದು ಮನೆ ಮನೆಗೆ ಬರೋಕ್ಕೆ ಇನ್ನೂ ಬಹಳ ಕಾಲ ಹಿಡೀತು, ಅಲ್ಲಿವರೆಗೂ ಇಂಥಾ ಮನೆಗಳಿಗೆ ಹೆಚ್ಚಾಗಿ ಸುಣ್ಣವೇ. ಸುಣ್ಣದ ಗಾರೆ ಗಾಳೀಲಿರೋ ಇಂಗಾಲದ ಡೈಆಕ್ಸೈಡ್ ಹೀರ್ಕೊಂಡು ನಿಧಾನಕ್ಕೆ ಗಟ್ಟಿಯಾಗತ್ತೆ, ಸಣ್ಣ ಸಣ್ಣ ರಂಧ್ರ ಇರತ್ತೆ, ನೆಲದಿಂದ ಮೇಲೆ ಏರಿದ ತೇವ ಆ ರಂಧ್ರಗಳಿಂದ ಆರಿ ಹೋಗತ್ತೆ. ಹಳೇ ಮನೆಗಳಿಗೆ ಪಾಯದಲ್ಲಿ ತೇವ ತಡೆಯೋ ಪದರ ಅನ್ನೋದು ಎಷ್ಟೋ ಕಡೆ ಇರೋದೇ ಇಲ್ಲ, ಗೋಡೆ ತೇವ ಕುಡಿಯೋದು, ಆರಿಸೋದು, ಹೀಗೇ ಬದುಕಿರತ್ತೆ. ಅದರ ಮೇಲೆ ಗಟ್ಟಿ ಸಿಮೆಂಟ್ ಗಾರೆ ಬಳಿದು, ಅದರ ಮೇಲೆ ಪುಟ್ಟಿ, ಅದರ ಮೇಲೆ ಪ್ಲಾಸ್ಟಿಕ್ ಪೇಂಟ್ ಹೊಡೆದ್ರೆ ಒಳಗಿನ ನೀರು ಎಲ್ಲಿ ಹೋಗ್ಬೇಕು? ಮೇಲಕ್ಕೆ ಏರತ್ತೆ, ಇಲ್ಲ ಪಕ್ಕಕ್ಕೆ ಹೋಗತ್ತೆ, ಜೊತೇಲಿ ಉಪ್ಪು ತಗೊಂಡ್ ಬರತ್ತೆ, ಆ ಉಪ್ಪು ಬಿಳೀ ಬೂಷ್ಟಿನ ಹಾಗೆ ಹೊರಗೆ ಬಂದು ಪೇಂಟನ್ನ ಹಪ್ಪಳದ ಥರ ಎಬ್ಬಿಸತ್ತೆ.

ಇದನ್ನ ನಾನು ಓದಿ ತಿಳ್ಕೊಂಡು ಹೇಳಿದ್ರೆ ಕಾಂಟ್ರಾಕ್ಟರ್ ನಕ್ಕರು. "ಸಿಮೆಂಟ್ ಹಾಕಿದ್ರೇ ಸ್ಟ್ರಾಂಗು ಮೇಡಂ, ಸುಣ್ಣ ಎಲ್ಲ ಯಾರ್ ಮಾಡ್ತಾರೆ ಈಗ, ಬೇಕಂದ್ರೆ ವಾಟರ್‌ಪ್ರೂಫ್ ಕೆಮಿಕಲ್ ಸೇರಿಸ್ತೀನಿ." ಅವ್ರ ಗ್ಯಾಂಗಲ್ಲೇ ಒಬ್ರು ವಯಸ್ಸಾದ ಮೇಸ್ತ್ರಿ ಇದ್ರು, ಮಾತೇ ಆಡ್ತಿರ್ಲಿಲ್ಲ, ಒಂದು ದಿನ ಕಾಂಟ್ರಾಕ್ಟರ್ ಹೋದ್ಮೇಲೆ ನನ್ನ ಕರೆದು, "ಇಲ್ನೋಡವ್ವಾ" ಅಂತ ಹಳೇ ಗೋಡೆ ಮೇಲೆ ಕೈಯಲ್ಲಿ ನೀರು ಚಿಮುಕಿಸಿದ್ರು, ನೀರು ಹಾಗೇ ಇಂಗಿ ಹೋಯ್ತು. ಪಕ್ಕದಲ್ಲಿ ಹಿಂದೆ ಯಾವಾಗ್ಲೋ ಯಾರೋ ಸಿಮೆಂಟ್ ತೇಪೆ ಹಾಕಿದ್ರಲ್ಲ, ಅದರ ಮೇಲೆ ಚಿಮುಕಿಸಿದ್ರು, ನೀರು ಜಾರಿ ಕೆಳಗೆ ಬಂತು. ಆ ತೇಪೆ ಸುತ್ತಲೂ ಗೋಡೆ ಕೆಟ್ಟಿದ್ದನ್ನ ಬೆರಳಲ್ಲಿ ಗೆರೆ ಎಳೆದು ತೋರಿಸಿದ್ರು. ಇಷ್ಟು ಗೊತ್ತಿರೋ ಮನುಷ್ಯ ಯಾಕೆ ಸುಮ್ನಿದೀರಿ ಅಂದ್ರೆ, "ನಮ್ಮಾತು ಯಾರ್ ಕೇಳ್ತಾರೆ, ದಿನಗೂಲಿ ನಾವು" ಅಂದ್ರು. ಇಡೀ ಕೆಲಸದಲ್ಲಿ ಗೋಡೆ ಬಗ್ಗೆ ಗೊತ್ತಿದ್ದ ಒಬ್ಬರೇ ಒಬ್ರಿಗೆ ಗೋಡೆ ಬಗ್ಗೆ ಮಾತಾಡೋ ಹಕ್ಕಿರ್ಲಿಲ್ಲ. ಜಗಳ ಆಡಿ ಹೊರಗೋಡೆಗಳ ಒಳಮೈ ಅಷ್ಟನ್ನ ಅವ್ರ ಕೈಲೇ ಸುಣ್ಣದ ಗಾರೆ ಮಾಡಿಸಿದೆ, ಒಳಗಿನ ಒಣ ಗೋಡೆಗಳು ಸಿಮೆಂಟೇ ಆದ್ವು. ಸುಣ್ಣದ ಗೋಡೆ ನೋಡೋಕ್ಕೆ ಅಷ್ಟು ನೈಸಾಗಿಲ್ಲ, ಸ್ವಲ್ಪ ಅಂಕುಡೊಂಕು, ಆದ್ರೆ ಒಂದು ಮಳೆಗಾಲ ಕಳೆದ್ರೂ ಒಂದು ಕಲೆ ಇಲ್ಲ.

ಸಿಮೆಂಟ್ ಗೋಡೆಗೆ ಬೇಕಿದ್ದಿದ್ದು ಕ್ಯೂರಿಂಗು. ಸಿಮೆಂಟ್ ಗಟ್ಟಿಯಾಗೋದು ಒಣಗೋದ್ರಿಂದ ಅಲ್ಲ, ನೀರಿನ ಜೊತೆ ಸೇರಿ ಆಗೋ ರಾಸಾಯನಿಕ ಕ್ರಿಯೆಯಿಂದ, ಅದಕ್ಕೇ ಕಮ್ಮಿ ಅಂದ್ರೂ 7 ದಿನ ಒದ್ದೆಯಾಗಿಡಿ ಅನ್ನೋದು, ಕಾಂಕ್ರೀಟಾದ್ರೆ ಅದರ ಶಕ್ತಿ ಅಳೆಯೋದೇ 28 ದಿನಕ್ಕೆ. ಸುಮ್ನೆ ಪೈಪ್ ಹಿಡಿದು ನೀರು ಬಿಡೋ ಕೆಲಸ, ಸರಿಯಾಗಿ ಆ ವಾರವೇ ಎಲ್ಲರೂ ಮಾಯ. ನಾನೂ ನನ್ನ ಗಂಡನೂ ಬೆಳಗ್ಗೆ ಸಂಜೆ ನೀರು ಹೊಡೆದ್ವಿ.

ಎಲೆಕ್ಟ್ರಿಕಲ್ ಬಗ್ಗೆ ಒಂದೇ ಮಾತು ಹೇಳ್ತೀನಿ, ಇದು ಜೀವದ ಪ್ರಶ್ನೆ. ಹೊಸ ಬೋರ್ಡಿಗೆ 30 ಮಿಲಿಆಂಪ್ ಆರ್‌ಸಿಸಿಬಿ ಅನ್ನೋ ಸೇಫ್ಟಿ ಸ್ವಿಚ್ ಹಾಕಿಸಿದ್ವಿ, ಎಲ್ಲಾದ್ರೂ ಕರೆಂಟ್ ಲೀಕ್ ಆದ್ರೆ ಕಣ್ಣುಮಿಟುಕಿಸೋದ್ರಲ್ಲಿ ಟ್ರಿಪ್ ಆಗತ್ತೆ, ಮನುಷ್ಯ ಉಳೀತಾನೆ. ನಮ್ಮದು ಗೀಸರ್ ಹಾಕಿದಾಗೆಲ್ಲ ಟ್ರಿಪ್ ಆಗ್ತಿತ್ತು. ಎಲೆಕ್ಟ್ರಿಷಿಯನ್ ಕೊಟ್ಟ ಪರಿಹಾರ ಏನು ಗೊತ್ತಾ, "ಇದು ಸೆನ್ಸಿಟಿವ್ ಮೇಡಂ, ಬೈಪಾಸ್ ಮಾಡಿಬಿಡ್ತೀನಿ." ಅಂದ್ರೆ ಕರೆಂಟ್ ಆ ಸ್ವಿಚ್ ಮೂಲಕ ಹೋಗ್ದೇ ಇರೋ ಹಾಗೆ ಮಾಡೋದು. ನಾನು ಬೇರೆ ಒಬ್ರನ್ನ ಕರೆಸಿ ನೋಡಿಸಿದ್ರೆ, ಮೊದಲನೇ ಎಲೆಕ್ಟ್ರಿಷಿಯನ್ ಎರಡು ಸರ್ಕ್ಯೂಟಿನ ನ್ಯೂಟ್ರಲ್ ವೈರ್ ಒಂದಕ್ಕೊಂದು ಸೇರಿಸಿಬಿಟ್ಟಿದ್ದ, ಟ್ರಿಪ್ ಆಗ್ತಿದ್ದಿದ್ದು ಅದಕ್ಕೇ. ಯಾರಾದ್ರೂ ನಿಮ್ಮನೇಲಿ ಬೈಪಾಸ್ ಅಂದ್ರೆ ದಯವಿಟ್ಟು ಬೇಡ ಅನ್ನಿ.

ಹಿತ್ತಲಿನ ಶೆಡ್ಡಿನ ಹಳೇ ಆಸ್ಬೆಸ್ಟಾಸ್ ಶೀಟ್ ತೆಗೆದಿದ್ದನ್ನ ನೆನೆಸ್ಕೊಂಡ್ರೆ ಈಗಲೂ ಹೊಟ್ಟೆ ಉರಿಯತ್ತೆ. ಇಬ್ರು ಹುಡುಗ್ರು, ಮಾಸ್ಕ್ ಇಲ್ಲ, ಸುತ್ತಿಗೇಲಿ ಒಡೀತಿದ್ರು. ಆ ಧೂಳಿನ ನಾರು ಶ್ವಾಸಕೋಶಕ್ಕೆ ಹೋದ್ರೆ ಕಾಯಿಲೆ ಕಾಣಿಸ್ಕೊಳ್ಳೋದು ದಶಕಗಳಾದ ಮೇಲೆ, ಅವಾಗ ಯಾವ ಮನೇಲಿ ಯಾವ ಶೀಟ್ ಅಂತ ಯಾರು ಲೆಕ್ಕ ಇಡ್ತಾರೆ. ನಿಲ್ಲಿಸಿ, ನೀರು ಹೊಡೆಸಿ, ಬೋಲ್ಟ್ ಬಿಚ್ಚಿ ಇಡೀ ಶೀಟ್ ಇಳಿಸೋ ಹಾಗೆ ಮಾಡಿಸಿದೆ. ಕಾಂಟ್ರಾಕ್ಟರ್ ಫೋನಲ್ಲೇ, "ಹುಡುಗ್ರಿಗೆ ಅಭ್ಯಾಸ ಇದೆ ಮೇಡಂ" ಅಂದ್ರು.

ಪೇಂಟು, ಮರಗೆಲಸ ಬಗ್ಗೆ ಬರೆಯೋಕ್ಕೆ ಹೋದ್ರೆ ಮುಗಿಯಲ್ಲ, ಬಾಗಿಲು ಒಂದೂ ಮೂಲೆಮಟ್ಟಕ್ಕಿಲ್ಲ, ಅದು ಮನೇದೇ ಗುಣ, ಅವ್ರನ್ನ ಅನ್ನಲ್ಲ.

ದುಡ್ಡಿನ ವಿಷಯಕ್ಕೆ ಬರೋಣ, ಕೊನೆಗೂ ಕೆಲಸ ಮಾಡಿಸಿದ್ದು ಅದೇ. ಎಲ್ಲರೂ ಹೇಳ್ತಾರೆ, ಸೈಟಲ್ಲೇ ಕೂತ್ಕೊಳ್ಳಿ, ಆಗ ಸರಿಯಾಗಿ ಮಾಡ್ತಾರೆ ಅಂತ. ಕೂತೆ, ಏನೂ ಉಪಯೋಗ ಇಲ್ಲ, ಏನು ನೋಡ್ಬೇಕು ಅಂತ ಗೊತ್ತಿಲ್ದೇ ಕೂತ್ರೆ ಧೂಳು ಕುಡಿಯೋದಷ್ಟೇ. ತಾರೀಖಿನ ಲೆಕ್ಕದಲ್ಲಿ ದುಡ್ಡು ಕೊಡೋದು ನಿಲ್ಲಿಸಿ, ಮುಗಿದ ಕೆಲಸದ ಲೆಕ್ಕದಲ್ಲಿ ಕೊಡೋಕ್ಕೆ ಶುರು ಮಾಡಿದ ಮೇಲೆ ಗ್ಯಾಂಗ್ ಬರೋದು ಜಾಸ್ತಿ ಆಯ್ತು. "ಬಾತ್‌ರೂಮಿಗೆ ಇಷ್ಟು" ಅಂತಲ್ಲ, "ನೀರು ನಿಲ್ಲಿಸಿ ನಾನು ನೋಡಿದ ಮೇಲೆ ಇಷ್ಟು" ಅಂತ. ಎಕ್ಸ್‌ಟ್ರಾ ಏನೇ ಇದ್ರೂ ಮಾಡೋಕ್ಕೆ ಮುಂಚೆ ರೇಟ್ ಬರೆದು ಇಬ್ರೂ ಸೈನ್ ಹಾಕ್ಬೇಕು. ದೊಡ್ಡ ದೊಡ್ಡ ಕಾಮಗಾರಿಗಳಲ್ಲಿ ನೂರಕ್ಕೆ ಐದೋ ಹತ್ತೋ ಹಿಡಿದಿಟ್ಟು, ದೋಷ ಎಲ್ಲ ಸರಿಮಾಡಿದ ಮೇಲೆ ಕೊಡೋದು ಮಾಮೂಲಿ ಪದ್ಧತಿ, ರಿಟೆನ್ಶನ್ ಅಂತಾರೆ, ಮನೆ ಕೆಲಸಕ್ಕೆ ಮಾತ್ರ ಯಾರೂ ಅದರ ಹೆಸರೇ ಎತ್ತಲ್ಲ. ನಾನು ಎತ್ತಿದೆ. "ಸಾರ್ ಹತ್ರ ಮಾತಾಡ್ತೀನಿ" ಅಂದ್ರು. ಸಾರ್ ಏನಂದ್ರು ಗೊತ್ತಾ, "ಅವಳ ಹತ್ರನೇ ಮಾತಾಡಿ, ನಂಗೂ ಅವಳೇ ಬಜೆಟ್ ಕೊಡೋದು." ಆ ಹಿಡಿದಿಟ್ಟ ದುಡ್ಡಿಂದಾನೇ ಟೊಳ್ಳು ಸದ್ದು ಬರ್ತಿದ್ದ ಟೈಲ್ಸ್ ಎಲ್ಲ ಕಿತ್ತು ಮತ್ತೆ ಕೂರಿಸಿದ್ದು.

ನಡುಮನೆ ಸ್ಕರ್ಟಿಂಗ್, ಅಂದ್ರೆ ಗೋಡೆ ಬುಡಕ್ಕೆ ಕೂರಿಸೋ ಪಟ್ಟಿ, ಒಂದು ಮೂಲೆ ಮಾತ್ರ ತಿಂಗಳುಗಟ್ಟಲೆ ಬಾಕಿ ಇತ್ತು. ಹೋದ ವಾರ ಅವ್ರೇ ಫೋನ್ ಮಾಡಿ, ಇನ್ನೊಂದು ಹಳೇ ಮನೆ ಕೆಲಸ ಬಂದಿದೆ, ಆ ಪಾರ್ಟಿಗೆ ನಿಮ್ಮನೆ ತೋರಿಸ್ಬೋದಾ ಮೇಡಂ ಅಂತ ಕೇಳಿದ್ರು. ಧಾರಾಳವಾಗಿ ಕರ್ಕೊಂಡ್ ಬನ್ನಿ ಅಂದೆ. ಅವತ್ತು ಬೆಳಗ್ಗೆ ಆರೂವರೆಗೇ ಇಬ್ರು ಬಂದು ಸ್ಕರ್ಟಿಂಗ್ ಮುಗಿಸಿ, ಗ್ರೌಟ್ ತುಂಬಿ, ನೆಲ ಒರೆಸಿ ಹೋದ್ರು. ಹತ್ತಕ್ಕೆ ಆ ಮನೆಯೋರು ಬಂದ್ರು, ನನ್ನ ವಯಸ್ಸಿನ ಹೆಂಗಸು, ಮನೆ ಎಲ್ಲ ಸುತ್ತಿ ನೋಡಿ, ಕಾಂಟ್ರಾಕ್ಟರ್ ಫೋನಲ್ಲಿ ಮಾತಾಡ್ತಾ ಹೊರಗೆ ಹೋದಾಗ ಮೆಲ್ಲಗೆ "ಹೇಳಿದ ಟೈಮಿಗೆ ಮುಗಿಸ್ತಾರಾ?" ಅಂದ್ರು. ಇಲ್ಲ ಅಂದೆ. ಆಮೇಲೆ ಫೋನ್ ತೆಗೆದು, ಗೋಡೆ ಮುಚ್ಚೋಕ್ಕೆ ಮುಂಚೆ ತೆಗೆದ ಫೋಟೋಗಳನ್ನ ಒಂದೊಂದಾಗಿ ತೋರಿಸಿದೆ. ನನ್ನ ಅಗ್ರಿಮೆಂಟಿನ ಕಾಪಿ ಕಳಿಸಿ ಅಂತ ನಂಬರ್ ಕೊಟ್ಟು ಹೋಗಿದಾರೆ, ಜೊತೆಗೆ ಆ ಸುಣ್ಣದ ಮೇಸ್ತ್ರಿ ನಂಬರೂ ಕಳಿಸ್ಬೇಕು.